ಮಾದಿಹಳ್ಳಿಯ ಹೆಣ್ಣುಮಕ್ಕಳ ಕಬಡ್ಡಿ ತಂಡ

ಮಾದಿಹಳ್ಳಿಯಲ್ಲಿ ಹೆಣ್ಣುಮಕ್ಕಳ ಕಬಡ್ಡಿ ತಂಡವೊಂದಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಇತ್ತು. ಮೂರು ವರ್ಷ ಇತ್ತು. ನಾನು ಅದರ ರೈಡರ್.

ಕಟ್ಟಿದವರು ನಮ್ಮ ಹೈಸ್ಕೂಲಿನ ಪಿ.ಟಿ. ಟೀಚರು. ಓದು ಮುಗಿಸಿ ಮನೆಯಲ್ಲಿ ಹಸು ನೋಡಿಕೊಂಡಿದ್ದ ನಮ್ಮ ಏಳು ಜನರನ್ನು ಅವರೇ ಮನೆಮನೆಗೆ ಬಂದು ಕರೆದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಒಕ್ಕಣೆ ಮುಗಿದ ಕಣದಲ್ಲಿ ಸುಣ್ಣದ ಗೆರೆ ಎಳೆದು ಆಡುತ್ತಿದ್ದೆವು. ಬಸ್ಸಿಗೆ ಕಾಯುತ್ತಿದ್ದವರು ನಿಂತು ನಗುತ್ತಿದ್ದರು. ತರಚಿದ ಮೊಣಕೈಗೆ ಅಮ್ಮ ಬೈಯುತ್ತಲೇ ಅರಿಸಿನ ಹಚ್ಚುತ್ತಿದ್ದಳು.

ಗೆಂಡೆಹಳ್ಳಿಯಲ್ಲಿ ಗೆದ್ದೆವು, ಹಳೇಬೀಡಿನಲ್ಲೂ ಗೆದ್ದೆವು. ಬೇಲೂರಿನ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದಾಗ ಎದುರಿಗೆ ಅರಸೀಕೆರೆಯ ತಂಡ. ಅರ್ಧ ಆಟಕ್ಕೆ ನಾವೇ ಎರಡು ಪಾಯಿಂಟ್ ಮುಂದಿದ್ದೆವು. ನಮ್ಮ ಕ್ಯಾಪ್ಟನ್‌ಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ವಿರಾಮದಲ್ಲಿ ಅವಳ ಮಾವನಾಗುವವರು ಸೀದಾ ಅಂಕಣದೊಳಕ್ಕೇ ಬಂದರು.

"ನಮ್ಮನೆ ಸೊಸೆ ಆಗೋಳು ಚಡ್ಡಿ ಹಾಕ್ಕಂಡು ನಾಕು ಜನದ ಮುಂದೆ ಬೀಳಾದು ಬ್ಯಾಡ. ನಡಿಯಮ್ಮ."

ಹಿಂದೆ ನಿಂತಿದ್ದ ಅವಳ ಅಪ್ಪ ತಲೆ ಎತ್ತಲಿಲ್ಲ. ಅವಳು ನಮ್ಮನ್ನೊಮ್ಮೆ ನೋಡಿ, ಅಳುತ್ತಾ ಹೊರಟುಹೋದಳು.

"ಆರೇ ಜನ ಉಳಿದ್ರಲ್ಲ, ಬಿಟ್‌ಕೊಡ್ರಮ್ಮ. ಎರಡನೇ ಬಹುಮಾನ ಹೆಂಗೂ ಐತೆ" ಎಂದರು ಪಂದ್ಯ ನಡೆಸುತ್ತಿದ್ದವರೊಬ್ಬರು.

ಟೀಚರು ನಮ್ಮ ಮುಖ ನೋಡಿದರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

"ಆರು ಜನಾನೇ ಆಡ್ತೀವಿ ಸಾರ್. ಸೋಲ್ಸೋದಾದ್ರೆ ಅವ್ರು ಸೋಲಿಸ್ಲಿ, ನೀವಲ್ಲ" ಎಂದೆ.

ಆಡಿದೆವು. ಕೊನೆಯ ರೈಡಿನಲ್ಲಿ ಇಬ್ಬರನ್ನು ಮುಟ್ಟಿ ತಿರುಗಿದೆ. ಗೆರೆಗೆ ಇನ್ನೊಂದು ಗೇಣಿರುವಾಗ ಕಾಲು ಹಿಡಿದು ಕೆಡವಿದರು. ಮೂರು ಪಾಯಿಂಟಿನಲ್ಲಿ ಸೋತೆವು. ಬಾಯಿಗೆ ಮಣ್ಣು ಹೋಗಿತ್ತು, ಆದರೂ ನಾಚಿಕೆಯಾಗಲಿಲ್ಲ. ಕೆಡವಿದ ಹುಡುಗಿಯೇ ಕೈಕೊಟ್ಟು ಎಬ್ಬಿಸಿದಳು.

ಮರುವರ್ಷ ಇನ್ನಿಬ್ಬರ ಮದುವೆಯಾಯಿತು, ಟೀಚರಿಗೆ ವರ್ಗವಾಯಿತು. ತಂಡ ಅಲ್ಲಿಗೆ ನಿಂತಿತು.

ಹೋದ ತಿಂಗಳು ಊರಿನ ಯುವಕರು ಪಂಚಾಯ್ತಿ ಗೋಡೆಯ ಮೇಲೆ ಕ್ರೀಡಾ ಸಾಧಕರ ಹೆಸರು ಬರೆಸುತ್ತಿದ್ದರು. ನೋಡಿದರೆ ಬರೀ ಗಂಡಸರು. ನಮ್ಮ ತಂಡ ಎಲ್ಲಿ ಎಂದು ಕೇಳಿದೆ.

"ನೀವು ಕಪ್ ಗೆದ್ದಿಲ್ವಲ್ಲ ಅಕ್ಕ" ಎಂದ ಒಬ್ಬ.

"ಆಡಿದ್ವಲ್ಲ. ಏಳು ಹೆಸ್ರು ಹೇಳ್ತೀನಿ, ಬರ್ಸು."

ಪೇಂಟರ್ ಬ್ರಷ್ ಅದ್ದುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

"ಅರ್ಧಕ್ಕೇ ಎದ್ದೋದವರದ್ದೂ ಬೇಕಾ ಅಕ್ಕ?" ಎಂದು ಕೇಳಿದ ಅದೇ ಹುಡುಗ.

"ಅವಳದೇ ಮೊದ್ಲು ಬರ್ಸು" ಎಂದೆ.