ಯಲಹಂಕ ಸ್ಟೇಷನ್ನಿನ ಉತ್ತರಾಣಿ

ಇವತ್ತು ಬೆಳಿಗ್ಗೆ ಚಿಕ್ಕಬಳ್ಳಾಪುರದ ರೈಲಿಗೆಂದು ಯಲಹಂಕ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆವು. ಹಾಸಿಗೆ ಸುರುಳಿ ಎತ್ತಲು ಬಗ್ಗಿದ ನನ್ನ ಹೆಂಡತಿ ಶಾರದೆ ಚೀರಿ ಕೈ ಕೊಡವಿದಳು. ಚೇಳೊಂದು ಕಲ್ಲಿನ ಸಂದಿಗೆ ನುಸುಳಿತು. ಅವಳು ಆರು ತಿಂಗಳ ಬಸುರಿ. ನೋಡುತ್ತಿದ್ದಂತೆಯೇ ನೋವು ಭುಜಕ್ಕೇರಿತು.

ಸೀಬೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಹಳಿಯ ಪಕ್ಕಕ್ಕೆ ಓಡಿ, ಉತ್ತರಾಣಿ ಗಿಡವನ್ನು ಬೇರುಸಮೇತ ಕಿತ್ತು ತಂದು, ಬೇರನ್ನು ಕಲ್ಲಿನ ಮೇಲೆ ತೇಯತೊಡಗಿದಳು.

“ಬೇಡಮ್ಮಾ, ಡಾಕ್ಟ್ರನ್ನ ಕರೆಸೋಣ,” ಎಂದೆ.

“ಅವ್ರು ಬರೋಗಂಟ ಸುಮ್ಕೆ ನೋಡ್ತಾ ಕೂತ್ಕೊಳಾನಾ ಸ್ವಾಮಿ?”

ಶಾರದೆ ನನ್ನತ್ತ ನೋಡದೆ ಕೈ ಚಾಚಿದಳು.

ಮುದುಕಿ ತೇಯ್ದದ್ದನ್ನು ಕುಟುಕಿದ ಜಾಗಕ್ಕೆ ಹಚ್ಚಿ, ಸೊಪ್ಪಿನಿಂದ ಭುಜದಿಂದ ಕೆಳಕ್ಕೆ ನೀವುತ್ತಾ, “ಈಗೆಲ್ಲೈತವ್ವಾ?” ಎಂದು ಕೇಳುತ್ತಲೇ ಇದ್ದಳು.

“ಮೊಣಕೈ… ಈಗ ಮಣಿಕಟ್ಟು,” ಎಂದಳು ಶಾರದೆ. ಅಲ್ಲಿಂದ ಕೆಳಗೆ ನೋವು ಇಳಿಯಲೇ ಇಲ್ಲ.

ರೈಲು ಬಂತು. ನೋವು ಇಷ್ಟು ಇಳಿಯಿತಲ್ಲ, ಹತ್ತಿಬಿಡೋಣವೆಂದು ಎದ್ದೆ. ಮುದುಕಿ ಅಡ್ಡ ನಿಂತಳು.

“ನನ್ ಕೈಲಾಗಿದ್ದು ಇಷ್ಟೇ ಸ್ವಾಮಿ. ಬಸ್ರಿ ಎಂಗ್ಸು, ಆಸ್ಪತ್ರೆಗೆ ತೋರಿಸ್ದೆ ಓಗ್ಬ್ಯಾಡಿ.”

ಅಷ್ಟು ಧೈರ್ಯದಿಂದ ಮದ್ದು ತೇಯ್ದವಳ ಬಾಯಲ್ಲಿ ಈ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ರೈಲು ನಮ್ಮನ್ನು ಬಿಟ್ಟು ಹೊರಟಿತು. ಅವಳಾಗಲೇ ನಮ್ಮ ಟ್ರಂಕನ್ನು ತಲೆಗೇರಿಸಿಕೊಂಡು ಊರ ಕಡೆ ನಡೆಯತೊಡಗಿದ್ದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಶಾರದೆ ನಿಂತು, ನನ್ನ ಕೈಯನ್ನೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಮಗು ಒದೆಯುತ್ತಿತ್ತು.