ಶಲ್ಯದೊಳಗಿನ ಸೌದಾ

ನನ್ನ ಬಲಗೈ ಬೆರಳುಗಳಿಗೆ ಕಚಗುಳಿ ಜಾಸ್ತಿ. ವ್ಯಾಪಾರ ಮಾಡುವವನಿಗೆ ಇದು ಒಳ್ಳೆಯ ಲಕ್ಷಣವಲ್ಲ. ನಮ್ಮ ಕಾಲದಲ್ಲಿ ಸೌದಾ ಕುದುರುತ್ತಿದ್ದದ್ದು ಕೈಯಲ್ಲಿ. ಕೊಡುವವನೂ ಕೊಳ್ಳುವವನೂ ಎದುರುಬದುರು ಕೂತು, ಕೈಗಳ ಮೇಲೆ ಶಲ್ಯ ಹೊದಿಸಿ, ಒಬ್ಬರ ಬೆರಳು ಒಬ್ಬರು ಹಿಡಿದು ದರ ತಿಳಿಸುತ್ತಿದ್ದೆವು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಅಲುಗಾಡುವ ಬಟ್ಟೆಯಷ್ಟೇ. ದರ ಒಪ್ಪಿಗೆಯಾದರೆ ಕೊಳ್ಳುವವನು ಅಂಗೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತುತ್ತಿದ್ದ. ಅಲ್ಲಿಗೆ ಮುಗಿಯಿತು; ಕಾಗದವಿಲ್ಲ, ಸಹಿಯಿಲ್ಲ.

ಕಮಲಾಪುರದ ನಮ್ಮ ತೋಟದ ಕೆಂಪು ಬಾಳೆಯನ್ನು ಪ್ರತಿವರ್ಷ ಕೊಳ್ಳುತ್ತಿದ್ದವನು ಕಲಬುರಗಿಯ ರೋಜಾ ಓಣಿಯಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದ ಮಹಬೂಬ್ ಭಾಯಿ. ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಬೆರಳು ತಾಗಿದ ಕೂಡಲೇ ನನಗೆ ನಗು. "ನಗಬ್ಯಾಡೋ ಸಂಗಣ್ಣಾ, ನಿನ್ನ ಹಲ್ಲು ನೋಡಿನೇ ಮಂದಿಗಿ ದರ ಗೊತ್ತಾಗ್ತದ!" ಎಂದು ಬೈಯುತ್ತಿದ್ದ. ಬೈಯುತ್ತ ತಾನೂ ನಗುತ್ತಿದ್ದ. ಐದು ನಿಮಿಷದ ಸೌದಾಕ್ಕೆ ನಾವು ಅರ್ಧ ತಾಸು ಕೂರುತ್ತಿದ್ದೆವು.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದ ಪೊಲೀಸ್ ಕಾರ್ಯಾಚರಣೆಯ ವರ್ಷ, ಗೊನೆ ಇನ್ನೂ ಎಳೆಯದಾಗಿದ್ದಾಗಲೇ ಅವನು ನನ್ನ ಅಂಗೈ ಒತ್ತಿ ಹೋಗಿದ್ದ. ಆಮೇಲೆ ಕೋಮು ಗಲಾಟೆ. ಅವನ ಅಂಗಡಿ ಮುಚ್ಚಿತು. ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ನಾನು ವಿಚಾರಿಸಲಿಲ್ಲ. ಗೊನೆ ಬಲಿತಾಗ ಬೇರೊಬ್ಬ ವ್ಯಾಪಾರಿ ಹೆಚ್ಚಿನ ದರ ಹೇಳಿದ; ಕೊಟ್ಟುಬಿಟ್ಟೆ. ಹಣ್ಣು ಕೊಳೆಯುತ್ತಿತ್ತು ಎಂದು ಎಲ್ಲರಿಗೂ ಹೇಳಿದೆ. ಕೊಳೆಯುತ್ತಿರಲಿಲ್ಲ. ನಾಲ್ಕು ದಿನಕ್ಕೆ ಮಹಬೂಬ್ ಭಾಯಿ ಗಾಡಿ ಕಟ್ಟಿಸಿಕೊಂಡು ಬಂದು, ಬೋಳು ತೋಟ ನೋಡುತ್ತ ನಿಂತ. ನನ್ನ ಹಣ್ಣನ್ನೇ ನಂಬಿ ಅವನು ಅಂಗಡಿಯ ಬಾಗಿಲು ಮತ್ತೆ ತೆರೆದಿದ್ದ.

ಅವನು ದಾವೆ ಹೂಡಿದ. ನನ್ನ ವಕೀಲರು ಕೇಳಿದ್ದು ಒಂದೇ ಪ್ರಶ್ನೆ.

"ಶಲ್ಯದ ಒಳಗ ಏನಾಯ್ತು ಅಂತ ಯಾರರೆ ನೋಡ್ಯಾರೇನು?"

"ಇಲ್ರೀ."

"ಹಂಗಾದ್ರ ಏನೂ ಆಗಿಲ್ಲ ಬಿಡ್ರಿ."

ಅವನ ಕಡೆಯ ಸಾಕ್ಷಿ ಗಾಡಿ ಹೊಡೆಯುವವನು. "ಬಟ್ಟಿ ಅಳ್ಳಾಡೂದು ನೋಡೀನ್ರೀ" ಎಂದ. ಕೋರ್ಟಿನಲ್ಲಿ ಕೂತವರೆಲ್ಲ ನಕ್ಕರು. ನಾನು ಪ್ರಮಾಣ ಮಾಡಿ, ಬರೀ ಕುಶಲ ಕೇಳುತ್ತ ಕೈ ಹಿಡಿದಿದ್ದೆವು, ಸೌದಾ ಆಗಿರಲಿಲ್ಲ ಎಂದೆ. ದಾವೆ ವಜಾ ಆಯಿತು. ಹೊರಗೆ ಮಹಬೂಬ್ ಭಾಯಿ ನನ್ನ ಮುಖ ನೋಡಿ ಇಷ್ಟೇ ಅಂದ: "ಇವತ್ತ ನಗಲೇ ಇಲ್ಲಲ್ಲೋ ನೀನು."

ಕಾನೂನನ್ನು ದೂರಲು ನನಗೆ ಬಾಯಿಲ್ಲ. ಉರ್ದುವಿನಲ್ಲಿ ಮೆಟ್ರಿಕ್ ತನಕ ಓದಿದ ಧೈರ್ಯದ ಮೇಲೆ ವಕೀಲರಿಂದ ಕರಾರು ಕಾಯ್ದೆಯ ಉರ್ದು ಪುಸ್ತಕ ತಂದು ತಿರುವಿಹಾಕಿದ್ದೇನೆ. ಬಾಯಿಮಾತಿನ ಕರಾರೂ ಕರಾರೇ ಎಂದು ಅದರಲ್ಲಿತ್ತು. ಬೇಕಾಗಿದ್ದದ್ದು ಪುರಾವೆ. ಅದನ್ನು ನಾನು ಅಂಗೈಯಲ್ಲಿ ಮುಚ್ಚಿಕೊಂಡು ಕಟಕಟೆ ಹತ್ತಿ, ಹಾಗೆಯೇ ಇಳಿದು ಬಂದಿದ್ದೆ.

ಅಲ್ಲಿಂದ ಮುಂದೆ ನನ್ನ ಸೌದಾಗಳೆಲ್ಲ ಸ್ಟಾಂಪು ಕಾಗದದ ಮೇಲೆ. ನನ್ನಂಥವನ ಜೊತೆ ವ್ಯವಹಾರಕ್ಕೆ ಅದೇ ಸರಿ. ಆದರೆ ಕಾಗದಕ್ಕೆ ಕಚಗುಳಿ ಇಡಲು ಬರುವುದಿಲ್ಲ. ಸಹಿ ಹಾಕಿದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ನಾನೊಬ್ಬನೇ ಅರ್ಧ ತಾಸು ಕೂತಿರುತ್ತಿದ್ದೆ.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ಮಾತು ನಡೆದಿದ್ದ ದಿನಗಳಲ್ಲಿ ಕೊನೆಗೂ ರೋಜಾಕ್ಕೆ ಹೋದೆ. ಅಂಗಡಿ ಚಿಕ್ಕದಾಗಿತ್ತು. ಮಹಬೂಬ್ ಭಾಯಿಯ ಎದುರು ಕೂತೆ. ಶಲ್ಯ ಹೊದಿಸಿ ಕೈ ಚಾಚಿದೆ.

"ಏನ್ ಮಾರಾಕ ಬಂದಿ?"

"ಏನೂ ಇಲ್ಲ, ಭಾಯಿ."

ಬಹಳ ಹೊತ್ತು ನೋಡಿ ಅವನು ಕೈ ಒಳಗೆ ತಂದ. ಒಂದೊಂದೇ ಬೆರಳು ಹಿಡಿದ. ನನಗೆ ನಗು ಬಂತು, ಅವನಿಗೂ ಬಂತು. ಆದರೆ ಅಂಗೈ ಒತ್ತಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದರು. "ಮತ್ತ ಬಾ" ಎಂದು ಎದ್ದ.

ಮತ್ತೆ ಹೋಗುವಷ್ಟರಲ್ಲಿ ಅವನೇ ತೀರಿಹೋಗಿದ್ದ.

ಇಂದಿಗೂ ಕೆಂಪು ಬಾಳೆಯ ಗೊನೆ ಕಂಡರೆ ನನ್ನ ಬಲಗೈ ತಾನಾಗಿ ಮುಂದೆ ಹೋಗುತ್ತದೆ. ಅವನು ಅಂಗೈ ಒತ್ತದೆ ಎದ್ದ ಆ ಸೌದಾ ಅಷ್ಟಕ್ಕೇ ನಿಂತಿದೆ. ಅದಕ್ಕೆ ಸಾಕ್ಷಿಯಾಗಿ ಗಾಡಿಯವನೂ ಇರಲಿಲ್ಲ. ಶಲ್ಯದೊಳಗೆ ಏನಾಯಿತು, ಏನಾಗಲಿಲ್ಲ ಎಂದು ಈ ಸಲ ನಾನೇ ಇದ್ದದ್ದು ಇದ್ದಂತೆ ಹೇಳಿದ್ದೇನೆ.