ಬೆಟಗೇರಿಯ ಮರದಚ್ಚಿನಲ್ಲಿ ಒಬ್ಬಾಕೆ

ಬೆಟಗೇರಿಯಲ್ಲಿ ಸೀರೆ ಕೊಳ್ಳಲೆಂದು ಇಳಿದವನು ಮಗ್ಗದ ಮನೆಯ ಪಕ್ಕದ ಕೋಣೆಯಲ್ಲೇ ನಿಂತುಬಿಟ್ಟೆ. ಅಲ್ಲಿ ಸೊರಟೂರಿನ ಬಸಪ್ಪ, ಸೈನ್ಯದಿಂದ ನಿವೃತ್ತರಾದವರು, ತಾವೇ ಕೆತ್ತಿದ ಮರದ ಹಲಗೆಗೆ ಕಪ್ಪು ಮಸಿ ಸವರಿ, ಮೇಲೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕುತ್ತಿದ್ದರು. ಯುದ್ಧದ ಚಿತ್ರ ಎಂದರು. ಕಾಗದ ಎತ್ತಿದಾಗ ಅದರಲ್ಲಿ ಬಂದೂಕು ಇರಲಿಲ್ಲ, ಸೈನಿಕನೂ ಇರಲಿಲ್ಲ. ಸುಟ್ಟ ಮನೆಯ ಮುಂದೆ ಒಲೆ ಹೂಡಿ ಕೂತ ಒಬ್ಬ ಹೆಂಗಸು, ಅಷ್ಟೆ. ಅವಳ ಗುಳಿಬಿದ್ದ ಕೆನ್ನೆಯನ್ನು ಎರಡೇ ಗೀರಿನಲ್ಲಿ ತಂದಿದ್ದ ಆ ಒರಟು ಕೈಯನ್ನು ಬೆರಗಿನಿಂದ ನೋಡಿದೆ.

ಮಗ್ಗದ ಮನೆಯಿಂದ ಬಂದ ಗಂಗವ್ವ ಹಸಿ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಈಕಿ ಉಂಡಿಲ್ರಿ ಅಣ್ಣಾರ."

ಬಸಪ್ಪ ಚಮಚ ಕೆಳಗಿಟ್ಟರು.

"ಗಡಿ ಹಳ್ಳ್ಯಾಗ ಈಕಿ ನಮಗ ರೊಟ್ಟಿ ಮಾಡಿಕೊಟ್ಟಿದ್ಲು, ಗಂಗವ್ವ. ಆರು ಮಂದಿ ಉಂಡ್ವಿ. ನೀ ಉಂಡೇನವಾ ಅಂತ ಒಬ್ರೂ ಕೇಳ್ಲಿಲ್ಲ."

ಗಂಗವ್ವ ಸೆರಗಿಗೆ ಕೈ ಒರೆಸಿಕೊಂಡರು.

"ಈ ಚಿತ್ರ ನನಗ ಕೊಡ್ರಿ. ನಮ್ಮ ಮಗ್ಗದ ಮುಂದ ಹಚ್ಚತೇನಿ. ದಿನಾ ಉಣ್ಣೂ ಮುಂದ ಈಕಿನ್ನ ಕೇಳತೇನಿ, ಉಂಡೇನವಾ ಅಂತ."